ವಾಚಿನ ಗಾಜಿಗೆ ಗೀರು ಬಿದ್ದಿದೆಯಾ? ಪೇಸ್ಟ್ ಹಚ್ಚುವ ಮುಂಚೆ ಇದನ್ನು ನೋಡಿ

(ದೃಶ್ಯ: ಶಹಾಬಾದ್ ಫರಸಿಯ ನೆಲ. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಒಗೆದ ಬಿಳಿ ಬಟ್ಟೆ. ಬಟ್ಟೆಯ ನಡುವೆ ಒಂದು ಹಳೆಯ ವಾಚು. ಕ್ಯಾಮೆರಾ ಮೆಲ್ಲಗೆ ಗಾಜಿನ ಹತ್ತಿರ ಹೋಗುತ್ತದೆ.)

ಶರಣು ಶರಣಾರ್ಥಿ. ಕಲಬುರಗಿಯಿಂದ ಮಾತಾಡುತ್ತಿದ್ದೇನೆ.

ಇದು ನಮ್ಮ ಅಪ್ಪನ ವಾಚು. ಎಚ್‌ಎಂಟಿ ಜನತಾ. ದಿನಾ ಚಾವಿ ಕೊಡಬೇಕು, ಮರೆತರೆ ಮರುದಿನ ನಿಂತುಬಿಡುತ್ತದೆ. ಮೇಲಿನ ಗಾಜು ನೋಡಿ. ಅಡ್ಡ, ಉದ್ದ, ಎಲ್ಲ ಕಡೆ ಗೀರು. ಬಿಸಿಲಿಗೆ ಹಿಡಿದರೆ ಮುಳ್ಳು ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಇವತ್ತು ಇದನ್ನು ನಿಮ್ಮ ಮುಂದೆಯೇ ಸರಿ ಮಾಡುತ್ತೇನೆ.

ಇಂಥದ್ದೇ ವಾಚು ನಿಮ್ಮ ಮನೆಯ ಟ್ರಂಕಿನಲ್ಲೂ ಇರಬಹುದು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರು ಮಾಡಿದ್ದು 1961ರಲ್ಲಿ. ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಈಗ ಉಳಿದಿರುವುದನ್ನು ನಾವೇ ಜೋಪಾನ ಮಾಡಬೇಕು. ಅದಕ್ಕೇ ಈ ವಿಡಿಯೋ.

ಕಾಲೇಜಿನಲ್ಲಿದ್ದಾಗ ಇದೇ ವಾಚನ್ನು ನಾನು ಹಾಳು ಮಾಡಿದ್ದೆ. ಗಾಜಿನ ಮೇಲೆ ಆಗ ನಾಲ್ಕೈದೇ ಗೀರು ಇದ್ದವು. ಅಪ್ಪನಿಗೆ ಹೊಳೆಯುವ ವಾಚು ಕೊಡೋಣ ಅಂತ ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದೆ. ಐದು ನಿಮಿಷದಲ್ಲಿ ಪೂರ್ತಿ ಗಾಜಿಗೆ ಮಂಜು ಹಿಡಿದಂತಾಯಿತು. ಅಪ್ಪ ಬೈಯಲಿಲ್ಲ. ಮರುದಿನ ಅದನ್ನೇ ಕಟ್ಟಿಕೊಂಡು ಹೋದರು. ಟೈಮ್ ನೋಡಬೇಕಾದಾಗ ಕೈ ಓರೆ ಮಾಡಿ, ಬೆಳಕಿಗೆ ತಿರುಗಿಸಿ, ಕಣ್ಣು ಸಣ್ಣ ಮಾಡಿ ನೋಡುತ್ತಿದ್ದರು. ನನಗೆ ಅದನ್ನು ನೋಡಲು ಆಗಲಿಲ್ಲ.

ವಾಚು ತಗೊಂಡು ಸೂಪರ್ ಮಾರ್ಕೆಟ್ ಕಡೆ ಹೋದೆ. ಅಲ್ಲೊಬ್ಬ ಚಾಚಾ ಸಣ್ಣ ಪೆಟ್ಟಿಗೆ ಅಂಗಡಿ ಇಟ್ಟುಕೊಂಡು ವಾಚು ರಿಪೇರಿ ಮಾಡುತ್ತಿದ್ದರು. ಅವರು ಉಗುರಿನಿಂದ ಗಾಜಿಗೆ ಟಕ್ ಟಕ್ ಅಂತ ಬಡಿದರು. ಆಮೇಲೆ ಹೇಳಿದರು: "ಇದು ಪ್ಲಾಸ್ಟಿಕ್ ಅದ ಬೇಟಾ. ಉಳೀತದ. ಗಾಜ್ ಇದ್ದಿದ್ರ ಬದಲಿ ಮಾಡಂತಿದ್ದೆ."

ನನಗೆ ಆಶ್ಚರ್ಯ. ಅಷ್ಟು ವರ್ಷ ಗಾಜು ಅಂದುಕೊಂಡಿದ್ದೆ, ಅದು ಗಾಜೇ ಅಲ್ಲ.

(ತೆರೆಯ ಮೇಲೆ: ಮೂರು ವಾಚು ಪಕ್ಕಪಕ್ಕ.)

ನಾವು ಬಾಯಿಮಾತಿಗೆ ಗಾಜು ಅನ್ನುವುದು ಮೂರು ಬಗೆಯದು. ಮೊದಲನೆಯದು ಅಕ್ರಿಲಿಕ್, ಅಂದರೆ ಪಾರದರ್ಶಕ ಪ್ಲಾಸ್ಟಿಕ್. ಎರಡನೆಯದು ಮಿನರಲ್ ಗ್ಲಾಸ್, ಇದು ನಿಜವಾದ ಗಾಜು. ಮೂರನೆಯದು ಸಫೈರ್. ನೀಲಮಣಿ ಯಾವ ವಸ್ತುವೋ ಅದೇ ಇದು, ಆದರೆ ಬಣ್ಣವಿಲ್ಲದೆ ಕಾರ್ಖಾನೆಯಲ್ಲಿ ಬೆಳೆಸಿದ್ದು.

ಯಾವುದು ಎಷ್ಟು ಗಟ್ಟಿ ಅಂತ ಹೇಳಲು ಒಂದು ಅಳತೆ ಇದೆ. ಫ್ರೆಡರಿಕ್ ಮೋಸ್ ಎಂಬ ಜರ್ಮನ್ ಖನಿಜ ತಜ್ಞ 1812ರಲ್ಲಿ ಮಾಡಿದ್ದು. ಲೆಕ್ಕ ತುಂಬಾ ಸುಲಭ. ಯಾವುದು ಯಾವುದರ ಮೇಲೆ ಗೀರು ಹಾಕುತ್ತದೋ ಅದು ಅದಕ್ಕಿಂತ ಗಟ್ಟಿ. ವಜ್ರಕ್ಕೆ 10. ಸಫೈರ್‌ಗೆ 9. ಮಿನರಲ್ ಗ್ಲಾಸ್ 5ರಿಂದ 6. ಅಕ್ರಿಲಿಕ್ 3ರ ಆಸುಪಾಸು.

ಈಗ ನಮ್ಮೂರಿನ ಧೂಳಿಗೆ ಬನ್ನಿ. ಆ ಧೂಳಿನಲ್ಲಿ ಮರಳಿನ ಸಣ್ಣ ಸಣ್ಣ ಕಣ ಇರುತ್ತವೆ. ಮರಳು ಅಂದರೆ ಹೆಚ್ಚಿನ ಪಾಲು ಸ್ಫಟಿಕ ಶಿಲೆ, ಅದಕ್ಕೆ 7. ಅಂದರೆ ಅಕ್ರಿಲಿಕ್ ಮಾತ್ರ ಅಲ್ಲ, ನಿಜವಾದ ಗಾಜಿಗೂ ಅದು ಗೀರು ಹಾಕುತ್ತದೆ. ನಾವೇನು ಮಾಡುತ್ತೇವೆ? ವಾಚಿನ ಮೇಲೆ ಧೂಳು ಕಂಡರೆ ಅಂಗಿಯ ತುದಿಯಿಂದ ಒರೆಸುತ್ತೇವೆ. ಬಟ್ಟೆ ಮೆತ್ತಗಿದೆ ನಿಜ, ಆದರೆ ಅದರ ಕೆಳಗೆ ಸಿಕ್ಕಿದ ಮರಳಿನ ಕಾಳು ಮೆತ್ತಗಿಲ್ಲ. ಮೊದಲು ಊದಿ, ಆಮೇಲೆ ಒರೆಸಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲೂ ಅದೇ ಸ್ಫಟಿಕ ಇದೆ. ಅದರ ಮೇಲೆ ವಾಚನ್ನು ಬೋರಲು ಇಡಬೇಡಿ.

ನಿಮ್ಮ ವಾಚು ಯಾವ ಬಗೆ ಅಂತ ತಿಳಿಯುವುದು ಹೇಗೆ? ಮೊದಲು ಹಿಂದಿನ ಮುಚ್ಚಳ ಓದಿ. ಸಫೈರ್ ಇದ್ದರೆ ಕಂಪನಿಯವರು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತಾರೆ. ಬರೆದಿಲ್ಲ ಅಂದರೆ ಚಾಚಾ ಮಾಡಿದ ಪರೀಕ್ಷೆ ಮಾಡಿ. ಉಗುರಿನಿಂದ ಬಡಿಯಿರಿ.

(ಹತ್ತಿರದ ದೃಶ್ಯ: ಉಗುರು ಬಡಿಯುವ ಸದ್ದು. ಮೊದಲು ಜನತಾ, ಆಮೇಲೆ ಇನ್ನೊಂದು ವಾಚು.)

ಕೇಳಿಸಿತಾ? ಪ್ಲಾಸ್ಟಿಕ್ ಆದರೆ ಮಂಕಾದ ಸದ್ದು. ಗಾಜು ಆದರೆ ಟಿಣ್ ಅನ್ನುತ್ತದೆ. ಇನ್ನೊಂದು, ತುಟಿಗೆ ತಾಗಿಸಿ ನೋಡಿ. ಗಾಜು ತಣ್ಣಗೆ ಇರುತ್ತದೆ, ಪ್ಲಾಸ್ಟಿಕ್ ಅಷ್ಟು ತಣ್ಣಗೆ ಅನ್ನಿಸುವುದಿಲ್ಲ. ಹಳೆಯ ಚಾವಿ ವಾಚು, ಗಾಜು ಗುಮ್ಮಟದ ಹಾಗೆ ಉಬ್ಬಿದೆ, ಮೈತುಂಬ ಸಣ್ಣ ಗೀರು ಅಂದರೆ ಬಹುತೇಕ ಅಕ್ರಿಲಿಕ್ಕೇ.

ಅಕ್ರಿಲಿಕ್ ಅಂದ ತಕ್ಷಣ ಅಗ್ಗದ ಮಾಲು ಅಂತ ಅಸಡ್ಡೆ ಬೇಡ. 1969ರಲ್ಲಿ ಚಂದ್ರನ ಮೇಲೆ ಓಡಾಡಿದಾಗ ಬಜ್ ಆಲ್ಡ್ರಿನ್ ಕೈಯಲ್ಲಿದ್ದ ಒಮೆಗಾ ಸ್ಪೀಡ್‌ಮಾಸ್ಟರ್ ವಾಚಿನ ಮೇಲೂ ಇಂಥದ್ದೇ ಪ್ಲಾಸ್ಟಿಕ್ ಇತ್ತು. ಪೆಟ್ಟು ಬಿದ್ದರೆ ಗಾಜಿನ ಹಾಗೆ ಚೂರುಚೂರಾಗಿ ಹಾರುವುದಿಲ್ಲ ಅನ್ನುವುದು ಅದರ ದೊಡ್ಡ ಗುಣ. ಬೇಗ ಗೀರು ಬೀಳುತ್ತದೆ, ಆದರೆ ಅಷ್ಟೇ ಸುಲಭವಾಗಿ ಹೋಗುತ್ತದೆ. ಮೂರರಲ್ಲಿ ನನಗೆ ಇಷ್ಟವಾದದ್ದು ಇದೇ.

ಗೀರು ಹೋಗುತ್ತದೆ ಅಂದೆನಲ್ಲ, ಅದು ಹೋಗುವುದು ಹೇಗೆ? ಪೇಸ್ಟ್ ಹಚ್ಚಿದರೆ ಗೀರು ತುಂಬಿಕೊಳ್ಳುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಗೀರು ಅಂದರೆ ಒಂದು ಸಣ್ಣ ಕಾಲುವೆ. ಅದರ ಅಂಚಿಗೆ ಬೆಳಕು ಬಿದ್ದು ಚದುರುವುದರಿಂದ ನಮಗೆ ಬೆಳ್ಳಗೆ ಕಾಣುತ್ತದೆ. ನಾವು ಮಾಡಬೇಕಾದ್ದು ಕಾಲುವೆಯ ಸುತ್ತಲಿನ ನೆಲವನ್ನೇ ಕಾಲುವೆಯ ತಳದವರೆಗೆ ಇಳಿಸುವುದು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಹೊಸ ಮನೆಗೆ ಶಹಾಬಾದ್ ಫರಸಿ ಹಾಕಿಸಿದಾಗ ಪಾಲಿಶ್ ಮಿಷನ್ ಓಡಿಸುವುದನ್ನು ನೋಡಿದ್ದೀರಲ್ವಾ? ಮೊದಲು ಒರಟು ಕಲ್ಲು ಹಾಕುತ್ತಾರೆ. ಆಮೇಲೆ ನುಣ್ಣನೆಯದು, ಆಮೇಲೆ ಇನ್ನೂ ನುಣ್ಣನೆಯದು. ಉದ್ದಕ್ಕೂ ನೀರು ಬಿಡುತ್ತಲೇ ಇರುತ್ತಾರೆ. ಮಿಷನ್ ಕೆಳಗಿಂದ ಬೂದು ಬಣ್ಣದ ರಾಡಿ ಹರಿಯುತ್ತದೆ. ಆ ರಾಡಿ ಕಲ್ಲಿನ ಮೇಲ್ಪದರವೇ. ಒರಟು ಕಲ್ಲು ಹಾಕಿದ ಗೀರನ್ನು ನುಣುಪು ಕಲ್ಲು ತೆಗೆಯುತ್ತದೆ, ಅದರ ಗೀರನ್ನು ಮುಂದಿನ ಕಲ್ಲು ತೆಗೆಯುತ್ತದೆ. ಕೊನೆಗೆ ಉಳಿದ ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಅದನ್ನೇ ನಾವು ಹೊಳಪು ಅನ್ನುತ್ತೇವೆ. ಪಾತ್ರೆ ಪುಡಿಯಲ್ಲಿ ನಾನು ಮಾಡಿದ ತಪ್ಪು ಈಗ ತಿಳಿಯಿತಲ್ಲ? ಒರಟು ಕಲ್ಲು ಹಾಕಿ ಅಲ್ಲಿಗೇ ನಿಲ್ಲಿಸಿದ್ದೆ.

ಸರಿ, ಕೆಲಸಕ್ಕೆ ಕೂಡೋಣ.

(ದೃಶ್ಯ: ಫ್ಯಾನ್ ಸ್ವಿಚ್ ಆಫ್ ಮಾಡುವ ಕೈ.)

ಮೊದಲು ಫ್ಯಾನ್ ಬಂದ್ ಮಾಡಿ. ಗಾಳಿಗೆ ಹಾರಿದ ಒಂದು ಮರಳಿನ ಕಣ ಬಟ್ಟೆಗೆ ಸಿಕ್ಕರೂ ಹೊಸ ಗೀರು ಗ್ಯಾರಂಟಿ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಫ್ಯಾನ್ ಇಲ್ಲದೆ ಕೂಡುವುದು ಕಷ್ಟ, ಗೊತ್ತು. ನಾನು ಬೆಳಿಗ್ಗೆ ಆರಕ್ಕೇ ಕೂತಿದ್ದೇನೆ.

ಬೆಲ್ಟ್ ಬಿಚ್ಚಿಡಿ. ಚಾವಿ ಪೂರ್ತಿ ಒಳಗೆ ಒತ್ತಿ. ಗಾಜಿನ ಸುತ್ತ ಇರುವ ಲೋಹದ ಅಂಚಿಗೆ ಟೇಪು ಅಂಟಿಸಿ. ಪೇಂಟ್ ಅಂಗಡಿಯಲ್ಲಿ ಸಿಗುವ ಕಾಗದದ ಟೇಪು ಒಳ್ಳೆಯದು, ಅಂಟು ಉಳಿಯುವುದಿಲ್ಲ. ಈ ಹೆಜ್ಜೆ ಬಿಡಬೇಡಿ. ಚಿನ್ನದ ಬಣ್ಣದ ವಾಚಾದರೆ ಅದರ ಲೇಪ ತುಂಬಾ ತೆಳು. ಗಾಜು ಉಜ್ಜುವ ಭರದಲ್ಲಿ ಅದೂ ಸವೆದರೆ ಕೆಳಗಿನ ಲೋಹ ಕಾಣುತ್ತದೆ. ಅದನ್ನು ಮನೆಯಲ್ಲಿ ಸರಿ ಮಾಡಲು ಬರುವುದಿಲ್ಲ.

ಈಗ ಒದ್ದೆ ಬಟ್ಟೆಯಿಂದ ಗಾಜು ಒರೆಸಿ. ಒದ್ದೆ ಅಂದರೆ ಹಿಂಡಿದ ಬಟ್ಟೆ. ಹಳೆಯ ವಾಚನ್ನು ನಲ್ಲಿ ಕೆಳಗೆ ಹಿಡಿಯಲೇಬೇಡಿ, ನೀರು ಒಳಗೆ ಹೋಗುತ್ತದೆ.

ಉಗುರನ್ನು ಗೀರಿನ ಮೇಲೆ ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗೀರು ಮೇಲ್ಮೇಲಿನದು, ಪೇಸ್ಟ್ ಸಾಕು. ಸಿಕ್ಕಿಕೊಂಡರೆ ಆಳವಾಗಿದೆ.

ಮೇಲಿನ ಗೀರಿಗೆ ಬೆಳ್ಳನೆಯ ಮಾಮೂಲಿ ಹಲ್ಲಿನ ಪೇಸ್ಟ್ ತಗೊಳ್ಳಿ. ಕಡಲೆಕಾಳಿನಷ್ಟು ಸಾಕು. ಹಳೆಯ ಬನಿಯನ್ ಬಟ್ಟೆ ಬೆರಳಿಗೆ ಸುತ್ತಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಜೋರಾಗಿ ಒತ್ತಬೇಡಿ. ಮೂರ್ನಾಲ್ಕು ನಿಮಿಷ ಆದ ಮೇಲೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಚ್ಚಿ. ಒಂದೇ ಗೀರಿನ ಮೇಲೆ ಬೆರಳು ನಿಲ್ಲಿಸಿ ಉಜ್ಜಿದರೆ ಅಲ್ಲೊಂದು ಗುಳಿ ಬೀಳುತ್ತದೆ. ಆಮೇಲೆ ಡಯಲ್ ಮೇಲಿನ ಅಂಕಿ ವಕ್ರ ಕಾಣುತ್ತದೆ. ಪೂರ್ತಿ ಗಾಜನ್ನು ಸಮವಾಗಿ ಉಜ್ಜಿ. ಡ್ರಿಲ್ ಮಿಷನ್‌ಗೆ ಪ್ಯಾಡ್ ಹಾಕಿ ತಿರುಗಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ವಾಚಿನ ಪ್ಲಾಸ್ಟಿಕ್‌ಗಂತಲೇ ಮಾಡಿದ ಪಾಲಿಶ್ ಆನ್‌ಲೈನಿನಲ್ಲಿ ಸಿಗುತ್ತದೆ. ಜರ್ಮನಿಯ ಪಾಲಿವಾಚ್ ಅದರಲ್ಲಿ ಹೆಸರಾದದ್ದು. ಸಿಕ್ಕರೆ ಅದು ಪೇಸ್ಟ್‌ಗಿಂತ ಮೇಲು.

(ದೃಶ್ಯ: ಗಾಜಿನ ಮೇಲೆ, ಆರರ ಅಂಕಿಯ ಹತ್ತಿರ ಒಂದು ಆಳವಾದ ಗೀರು.)

ಅಪ್ಪನ ವಾಚಿನಲ್ಲಿ ಇದೊಂದು ಇದೆ ನೋಡಿ. ಉಗುರು ಸಿಕ್ಕಿಕೊಳ್ಳುತ್ತಿದೆ. ಇದಕ್ಕೆ ಪೇಸ್ಟ್ ಸಾಲದು. ವಾಟರ್ ಪೇಪರ್ ಬೇಕು. ಗಾಡಿಗೆ ಪೇಂಟ್ ಮಾಡುವವರು ಬಳಸುವ ಕಪ್ಪು ಉಜ್ಜು ಕಾಗದ. ಹಾರ್ಡ್‌ವೇರ್ ಅಂಗಡಿಯಲ್ಲಿ 1000, 1500, 2000 ನಂಬರಿನದು ಒಂದೊಂದು ಹಾಳೆ ಕೇಳಿ. ನಂಬರ್ ಹೆಚ್ಚಿದಷ್ಟೂ ನುಣುಪು.

1000ದ ಸಣ್ಣ ತುಂಡನ್ನು ನೀರಿನಲ್ಲಿ ಅದ್ದಿ, ಕೊಡವಿ, ಒಂದೇ ದಿಕ್ಕಿನಲ್ಲಿ ಉಜ್ಜಿ. ಈಗ ನೋಡಿ, ಪೂರ್ತಿ ಗಾಜು ಹಾಲಿನ ಹಾಗೆ ಬೆಳ್ಳಗಾಯಿತು. ನನ್ನ ಎದೆಯೂ ಮೊದಲ ಸಲ ಧಸಕ್ ಅಂದಿತ್ತು. ಹೆದರಬೇಡಿ, ಇದು ಹೀಗೇ ಆಗಬೇಕು. ದೊಡ್ಡ ಗೀರು ಪೂರ್ತಿ ಮಾಯವಾಗುವವರೆಗೆ ಇಲ್ಲೇ ಇರಿ. ಆಮೇಲೆ ಒರೆಸಿ, 1500 ತಗೊಂಡು ಈಗ ಅಡ್ಡ ದಿಕ್ಕಿನಲ್ಲಿ ಉಜ್ಜಿ. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ಕಾಗದದ ಗೀರು ಎಲ್ಲಿ ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಅದು ಹೋದ ಮೇಲೆ 2000, ಮತ್ತೆ ಮೊದಲಿನ ದಿಕ್ಕು. ಅವಸರಪಟ್ಟು ನಡುವಿನ ಕಾಗದ ಬಿಟ್ಟರೆ ಕೊನೆಯಲ್ಲಿ ಎಷ್ಟು ಪೇಸ್ಟ್ ಉಜ್ಜಿದರೂ ಮಬ್ಬು ಹೋಗುವುದಿಲ್ಲ. ಕೊನೆಗೆ ಪೇಸ್ಟ್ ಅಥವಾ ಪಾಲಿಶ್. ಇದಕ್ಕೆ ನನಗೆ ಇವತ್ತು ಇಪ್ಪತ್ತು ನಿಮಿಷ ಹಿಡಿಯಿತು.

(ದೃಶ್ಯ: ವೇಗವಾಗಿ ಓಡಿಸಿದ ಉಜ್ಜುವ ದೃಶ್ಯ. ಹಾಲಿನ ಬಿಳುಪು ಮೆಲ್ಲಗೆ ಕರಗಿ ಡಯಲ್ ಕಾಣುತ್ತದೆ.)

ಗಾಜು ಒರೆಸಲು ಸ್ಯಾನಿಟೈಸರ್, ಸ್ಪಿರಿಟ್, ಥಿನ್ನರ್, ಪೆಟ್ರೋಲ್ ಯಾವುದೂ ಬೇಡ. ಇವು ತಾಗಿದರೆ ಅಕ್ರಿಲಿಕ್‌ನಲ್ಲಿ ಕೂದಲೆಳೆಯಂಥ ಬಿರುಕು ಬಿಡಬಹುದು. ಅದು ಒಳಗಿನ ಬಿರುಕು, ಉಜ್ಜಿದರೆ ಹೋಗುವುದಿಲ್ಲ.

ಇನ್ನು ಮಿನರಲ್ ಗ್ಲಾಸ್. ಅದಕ್ಕೂ ಪೇಸ್ಟ್ ಉಜ್ಜಿ ಅಂತ ಹೇಳುವ ವಿಡಿಯೋ ಬೇಕಾದಷ್ಟು ಇವೆ. ಸ್ವಲ್ಪ ಯೋಚನೆ ಮಾಡಿ. ನಮ್ಮ ಹಲ್ಲಿನ ಮೇಲಿನ ಎನಾಮಲ್ ಮೋಸ್ ಅಳತೆಯಲ್ಲಿ 5. ಗಾಜು ಅದಕ್ಕಿಂತ ಒಂಚೂರು ಗಟ್ಟಿ. ಪೇಸ್ಟ್ ಮಾಡುವುದೇ ಎನಾಮಲ್ ಸವೆಯಬಾರದು ಅಂತ. ಹಲ್ಲನ್ನೇ ಸವೆಸದ ಪೇಸ್ಟ್ ಗಾಜನ್ನು ಹೇಗೆ ಸವೆಸುತ್ತದೆ? ಕೊಳೆ ಹೋಗುತ್ತದೆ, ಗಾಜು ಸ್ವಚ್ಛವಾಗಿ ಕಾಣುತ್ತದೆ. ಗೀರು ಅಲ್ಲೇ ಇರುತ್ತದೆ.

ಗಾಜನ್ನು ಪಾಲಿಶ್ ಮಾಡುವ ಪುಡಿ ಬೇರೆ ಇದೆ. ಸೀರಿಯಂ ಆಕ್ಸೈಡ್ ಅಂತ. ಕಾರಿನ ಮುಂದಿನ ಗಾಜಿನ ಗೀರು ತೆಗೆಯಲೂ ಅದನ್ನೇ ಬಳಸುತ್ತಾರೆ. ನೀರಿನಲ್ಲಿ ಕಲಸಿ, ಉಣ್ಣೆಯ ಗಟ್ಟಿ ಪ್ಯಾಡಿನಿಂದ ಉಜ್ಜಬೇಕು. ಕೈಯಿಂದ ಮಾಡಿದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಅದೂ ತೀರಾ ಸಣ್ಣ ಗೀರಿಗೆ ಮಾತ್ರ. ನನ್ನ ಸಲಹೆ ಕೇಳಿದರೆ ರಿಪೇರಿ ಅಂಗಡಿಗೆ ಹೋಗಿ ಹೊಸ ಗಾಜು ಕೂರಿಸಿಕೊಳ್ಳಿ. ಮಾಮೂಲಿ ಗುಂಡು ಗಾಜಾದರೆ ಅದು ದೊಡ್ಡ ಖರ್ಚಲ್ಲ. ರಿಪೇರಿ ಮಾಡುವವರ ಕೈಗೂ ಕೆಲಸ ಸಿಗುತ್ತದೆ.

ಸಫೈರ್ ಆದರೆ ಉಜ್ಜಲೇಬೇಡಿ. ಅದನ್ನು ಪಾಲಿಶ್ ಮಾಡಲು ವಜ್ರದ ಪುಡಿಯ ಪೇಸ್ಟ್ ಬೇಕು. ಆದರೆ ಎಷ್ಟೋ ಸಲ ಸಫೈರ್ ಮೇಲೆ ಕಾಣುವುದು ಗೀರೇ ಆಗಿರುವುದಿಲ್ಲ. ಬಾಗಿಲ ಚಿಲಕಕ್ಕೋ ಗೇಟಿಗೋ ತಾಗಿದಾಗ ಆ ಲೋಹವೇ ಸವೆದು ಅಲ್ಲಿ ಅಂಟಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ನೋಡಿ, ಹೋದರೂ ಹೋಗಬಹುದು. ಕೆಲವು ಸಫೈರ್ ಮೇಲೆ ಹೊಳಪು ಹೊಡೆಯದಂತೆ ತೆಳು ಲೇಪ ಇರುತ್ತದೆ. ಗೀರು ಬಿದ್ದಿರುವುದು ಆ ಲೇಪಕ್ಕೂ ಇರಬಹುದು. ಅದನ್ನು ಕಂಪನಿಯವರಿಗೇ ಬಿಡಿ. ಸ್ಮಾರ್ಟ್ ವಾಚು, ಮೊಬೈಲ್ ಪರದೆಗೂ ಇದೇ ಮಾತು. ಬೆರಳಿನ ಜಿಡ್ಡು ಅಂಟದಂತೆ ಅವುಗಳ ಮೇಲೊಂದು ಲೇಪ ಇರುತ್ತದೆ. ಪೇಸ್ಟ್ ಉಜ್ಜಿದರೆ ಅದೇ ಮೊದಲು ಹೋಗುವುದು.

(ದೃಶ್ಯ: ಟೇಪು ಬಿಚ್ಚುವ ಕೈ. ಹಲ್ಲುಕಡ್ಡಿಗೆ ಬಟ್ಟೆ ಸುತ್ತಿ ಅಂಚಿನಲ್ಲಿ ಉಳಿದ ಪೇಸ್ಟ್ ತೆಗೆಯುವುದು.)

ಟೇಪು ಬಿಚ್ಚಿದ ಮೇಲೆ ಅಂಚಿನ ಸಂದಿಯಲ್ಲಿ ಪೇಸ್ಟ್ ಉಳಿದಿರುತ್ತದೆ. ಒಣಗಿದರೆ ಬೆಳ್ಳಗೆ ಗಟ್ಟಿಯಾಗುತ್ತದೆ, ಈಗಲೇ ತೆಗೆಯಿರಿ. ಒಣಗಲಿ ಅಂತ ಬಿಸಿಲಿಗೆ ಇಡಬೇಡಿ, ನೆರಳಿನಲ್ಲಿ ಬಟ್ಟೆಯ ಮೇಲೆ ಇಟ್ಟರೆ ಸಾಕು. ಒಳಗಡೆ ಹಬೆ ಕಂಡರೆ ಚಾವಿ ಕೊಡದೆ, ಅದೇ ದಿನ ರಿಪೇರಿಯವರ ಹತ್ತಿರ ಒಯ್ಯಿರಿ. ಗಾಜಿನ ಒಳಮೈಯಲ್ಲೇ ಗೀರು ಇದ್ದರೂ ಅವರೇ ಬಿಚ್ಚಬೇಕು.

ಬೆಲ್ಟ್ ಹಾಕಿದೆ. ಬನ್ನಿ, ಅಪ್ಪನಿಗೆ ಕೊಡೋಣ.

(ದೃಶ್ಯ: ಪಡಸಾಲೆ. ಅಪ್ಪ ಪೇಪರ್ ಓದುತ್ತಾ ಕೂತಿದ್ದಾರೆ. ವಾಚು ತಗೊಳ್ಳುತ್ತಾರೆ. ಕೈಯನ್ನು ಓರೆ ಮಾಡದೆ ನೇರವಾಗಿ ಹಿಡಿದು ನೋಡುತ್ತಾರೆ.)

"ಹೆಂಗದ ಅಪ್ಪಾ?"

"ನಿಂತದಲ್ಲೋ. ಚಾವಿ ಕೊಟ್ಟಿಲ್ಲೇನು?"

(ಅವರೇ ಚಾವಿ ಕೊಡುತ್ತಾರೆ. ಆ ಸದ್ದು ಕೇಳಿಸುತ್ತದೆ.)