ಹೊಳೆ ಎಷ್ಟು ದೂರ ಅನ್ಬೇಡಿ, ಸೈಟು ಎಷ್ಟು ಎತ್ತರ ಹೇಳಿ

ನಮಸ್ಕಾರ. ಹೊಳೆ ಪಕ್ಕದ ಸೈಟಿಗೆ ನೆರೆ ಭಯ ಇದೆ ಅಂದಿದ್ದ ಹೋದ ಕಂತಿನ ಕೆಳಗೆ ಸಕಲೇಶಪುರದ ಕಡೆಯೋರೊಬ್ರು ಬರ್ದಿದ್ದಾರೆ: "ಸುಮ್ನೆ ಜನಾನ ಹೆದರಿಸ್ಬೇಡಿ ಸಾರ್. ನಮ್ ಸೈಟು ಹೇಮಾವತಿಯಿಂದ ಪೂರಾ 300 ಅಡಿ ದೂರ ಇದೆ." ಅದಕ್ಕೆ ಲೈಕು ಬೇರೆ.

ಮುನ್ನೂರು ಅಡಿ! ಹೊಳೆ ಏನು ಟೇಪ್ ಹಿಡ್ಕೊಂಡು ಬರುತ್ತಾ ಸ್ವಾಮಿ? ದಿಬ್ಬದ ಮೇಲಿದ್ರೆ 50 ಅಡೀಲಿರೋ ಮನೇನೂ ಒಣಗಿರುತ್ತೆ. ಗದ್ದೆ ಬಯಲಲ್ಲಿದ್ರೆ ಅರ್ಧ ಕಿಲೋಮೀಟರ್ ಆಚೆಗೂ ನೀರು ಅಡುಗೆಮನೆಗೆ ನುಗ್ಗುತ್ತೆ. ಅದೂ ಹೊಳೆ ಕಡೆಯಿಂದಲೇ ಬರ್ಬೇಕು ಅಂತಿಲ್ಲ. ಹೊಳೆ ತುಂಬಿದಾಗ ಹಿತ್ತಲ ಹಳ್ಳ ಹೊಳೆಗೆ ಸೇರೋ ದಾರಿ ಕಟ್ಟಿ, ನೀರು ಹಿಂದಕ್ಕೆ ಒತ್ತುತ್ತೆ. ದೂರ ಬಿಡಿ, ಎತ್ತರ ಹೇಳಿ. ಇವತ್ತು ಪೂರ್ತಿ ಇದನ್ನೇ ಹೇಳ್ತೀನಿ, ಬೇಜಾರಾದ್ರೆ ಸ್ಪೀಡ್ ಜಾಸ್ತಿ ಮಾಡ್ಕೊಳ್ಳಿ.

ಇದು ನನ್ನ ತಲೆಯಿಂದ ಬಂದಿದ್ದಲ್ಲ. ನೆರೆ ಬಯಲನ್ನ ವಲಯ ಮಾಡಿ, ಎಲ್ಲಿ ಏನು ಕಟ್ಬಹುದು ಅಂತ ಗೊತ್ತು ಮಾಡೋ ಮಾದರಿ ಮಸೂದೇನ ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸ್ತು. ಮಣಿಪುರ 1978ರಲ್ಲಿ ಕಾನೂನು ಮಾಡ್ಕೊಳ್ತು, ರಾಜಸ್ಥಾನ 1990ರಲ್ಲಿ, ಉತ್ತರಾಖಂಡ 2012ರಲ್ಲಿ. ಮರುಭೂಮಿ ಇರೋ ರಾಜಸ್ಥಾನಾನೂ ಮಾಡ್ಕೊಳ್ತು ಕಣ್ರೀ! ಹೇಮಾವತಿ, ತುಂಗಾ, ಭದ್ರಾ ಹುಟ್ಟೋ ಜಿಲ್ಲೆ ಇಟ್ಕೊಂಡಿರೋ ನಾವು ಆ ಪಟ್ಟೀಲಿಲ್ಲ.

ವಲಯದ ಲೆಕ್ಕ ಸರಳ. ಆಸ್ಪತ್ರೆ, ವಿದ್ಯುತ್ ಸ್ಟೇಷನ್, ನೀರು ಸರಬರಾಜು: ಇವು 100 ವರ್ಷದ ನೆರೆ ಮಟ್ಟಕ್ಕಿಂತ ಮೇಲಿರ್ಬೇಕು. ಮನೆ, ಸರ್ಕಾರಿ ಕಚೇರಿ 25 ವರ್ಷದ ಮಟ್ಟಕ್ಕಿಂತ ಮೇಲೆ. ಪಾರ್ಕು, ಆಟದ ಮೈದಾನ ಮುಳುಗಿದ್ರೂ ನಡೆಯುತ್ತೆ. ಹಂಗೆ ನೋಡಿದ್ರೆ ಶೃಂಗೇರಿ ಗಾಂಧಿ ಮೈದಾನಕ್ಕೆ ತುಂಗೆ ನುಗ್ಗೋದು ತಪ್ಪೇ ಅಲ್ಲ, ಅದು ಅವಳದೇ ಜಾಗ. ಅಲ್ಲಿ ಅಂಗಡಿ ಹಾಕ್ಸಿ, ಗಾಡಿ ನಿಲ್ಸಿ, ಆಮೇಲೆ ಬಾಯಿ ಬಡ್ಕೊಳ್ಳೋದು ತಪ್ಪು.

"ನೂರು ವರ್ಷದ ನೆರೆ 2019ರಲ್ಲೇ ಬಂದು ಹೋಯ್ತಲ್ಲ, ಇನ್ನು 2119ಕ್ಕೆ" ಅನ್ನೋ ಪಂಡಿತರಿದ್ದಾರೆ. ನೂರು ವರ್ಷದ್ದು ಅಂದ್ರೆ ಪ್ರತಿ ವರ್ಷಾನೂ ನೂರಕ್ಕೆ ಒಂದು ಸಾಧ್ಯತೆ. ಹೋಮ್ ಲೋನ್ ತೀರೋ 20 ವರ್ಷದಲ್ಲಿ ಒಮ್ಮೆಯಾದ್ರೂ ಬರೋ ಸಾಧ್ಯತೆ ನೂರಕ್ಕೆ 18. ಇಪ್ಪತ್ತೈದು ವರ್ಷದ ನೆರೆಯಾದ್ರೆ ನೂರಕ್ಕೆ 56. ಬ್ಯಾಂಕಿನೋರು ಸಿಬಿಲ್ ಸ್ಕೋರ್ ಕೇಳ್ತಾರೆ, ತಳಪಾಯದ ಮಟ್ಟ ಯಾರೂ ಕೇಳಲ್ಲ.

"ಸ್ಯಾಟಲೈಟ್ ನಕ್ಷೆ ಇದೆಯಲ್ಲ ಸಾರ್?" ಇದೆ. ಪುಕ್ಕಟೆ ಸಿಗೋ ಎತ್ತರದ ನಕ್ಷೇಲಿ ಒಂದು ಚೌಕ 30 ಮೀಟರ್, ಎತ್ತರದಲ್ಲಿ ಹಲವು ಮೀಟರ್ ಹೆಚ್ಚುಕಮ್ಮಿ. ಅದರಲ್ಲೂ ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ತುದೀನ ರೇಡಾರು ನೆಲ ಅಂದ್ಕೊಳ್ಳುತ್ತೆ. ಹೊಳೆ ದಂಡೆಯ ತಗ್ಗು ತೋಟ ನಕ್ಷೇಲಿ ಗುಡ್ಡ! ನೆರೆ ನಕ್ಷೆಗೆ ಬೇಕಾಗಿರೋದು ಅರ್ಧ ಮೀಟರ್‌ಗೊಂದು ಎತ್ತರದ ಗೆರೆ. ಅದಕ್ಕೆ ಲೈಡಾರ್, ಅಂದ್ರೆ ಮೇಲಿಂದ ಲೇಸರ್ ಬಿಟ್ಟು ಎತ್ತರ ಅಳೆಯೋ ಯಂತ್ರ, ಹಾರಿಸ್ಬೇಕು, ಅದರ ಬೆಳಕು ಎಲೆ ಸಂದೀಲಿ ನೆಲ ಮುಟ್ಟುತ್ತೆ. ಲೈಡಾರ್ ಸಾಮಾನ್ಯವಾಗಿ ನೀರಿನೊಳಗೆ ನೋಡಲ್ಲ, ಹಂಗಾಗಿ ಹೊಳೆ ತಳಾನ ಬೇಸಿಗೇಲಿ ಇಳ್ದು ಅಡ್ಡಡ್ಡ ಅಳೀಬೇಕು. ಸೇತುವೆ ಕಂಬ, ಕಮಾನು ಎಲ್ಲಾ ಸೇರಿಸ್ಬೇಕು. ಕಳಸದ ಹೆಬ್ಬಾಳೆ ಥರದ ತಗ್ಗು ಸೇತುವೆಗೆ ದಿಮ್ಮಿ, ಬಿದಿರು ಬಂದು ಕಚ್ಕೊಂಡ್ರೆ ಮೇಲ್ಭಾಗದ ಮಟ್ಟ ಏರುತ್ತೆ. ಖಾಲಿ ಸೇತುವೆ ಇಟ್ಟು ಲೆಕ್ಕ ಹಾಕಿದ ನಕ್ಷೇನ ಫ್ರೇಮ್ ಹಾಕಿ ಗೋಡೆಗೆ ನೇತಾಕಿ, ಅಷ್ಟೇ ಉಪಯೋಗ.

"ಹೇಮಾವತಿಗೆ ಗೊರೂರು ಡ್ಯಾಮ್ ಇದೆ, ಭಯ ಯಾಕೆ?" ಅಯ್ಯೋ ದೇವ್ರೇ. ಡ್ಯಾಮ್ ಇರೋದು ಸಕಲೇಶಪುರದ ಕೆಳಗೆ! ಕೆಳಗಿರೋ ಹೊಳೆನರಸೀಪುರಕ್ಕಾದ್ರೂ, ಡ್ಯಾಮ್ ತುಂಬಿ ಮಟ್ಟ 2,922 ಅಡಿ ಮುಟ್ಟಿದ್ಮೇಲೆ ಬಂದಷ್ಟು ನೀರು ಬಿಡಲೇಬೇಕು. 50,000 ಕ್ಯೂಸೆಕ್ ಒಳಹರಿವಿದ್ರೆ 1 ಟಿಎಂಸಿ ಖಾಲಿ ಜಾಗ ಐದೂವರೆ ಗಂಟೇಲಿ ಭರ್ತಿ.

"ತಡೆಗೋಡೆ ಕಟ್ಟಿದ್ರಾಯ್ತು." ಚರಂಡಿ ಬಾಯಿಗೆ ಒಂದೇ ಕಡೆ ತೆರೆಯೋ ಬಾಗಿಲು ಇಡದೆ ಕಟ್ಟಿದ ಗೋಡೆ ಅಂದ್ರೆ ತೊಟ್ಟಿ ಕಣ್ರೀ. ಹೊಳೆ ನೀರು ಚರಂಡೀಲೇ ಒಳಗೆ ಬರುತ್ತೆ, ಹೊರಗೆ ಹೋಗಕ್ಕೆ ಗೋಡೆ ಬಿಡಲ್ಲ.

"ಸೈಟ್ ರೇಟ್ ಬಿದ್ದೋಗುತ್ತೆ." ಬೀಳ್ಲಿ!

ಸರ್ಕಾರ ಮಾಡೋವರೆಗೂ ಕಾಯ್ಬೇಡಿ. ನಿಮ್ಮ ಸೈಟಿಗೆ ನೇರ ಎದುರಿರೋ ಹಳೇ ನೆರೆ ಗುರುತು ಹುಡುಕಿ. ನೇರ ಎದುರೇ ಇರ್ಬೇಕು, ಯಾಕಂದ್ರೆ ಹೊಳೆ ನೀರಿನ ಮೇಲ್ಮೈಯೇ ಇಳಿಜಾರು. ಕೆಳಗಿನ ಸೇತುವೆ ಗುರುತು ಹಿಡ್ಕೊಂಡು ಮೇಲಿನ ಸೈಟಿಗೆ ಬಂದ್ರೆ ಮಟ್ಟ ಕಮ್ಮಿ ತೋರಿಸುತ್ತೆ. ಗೋಡೇಲಿ ತೇವದ ಕಲೆ ನಂಬ್ಬೇಡಿ, ತೇವ ಮೇಲಕ್ಕೆ ಹೀರುತ್ತೆ. ಕೆಸರಿನ ಗೆರೆ ನೋಡಿ, ಅಲೆ ಹೊಡೀದ ಮುಚ್ಚಿದ ಕೋಣೆ ಒಳಗಿಂದಾದ್ರೆ ಇನ್ನೂ ಒಳ್ಳೇದು. ಸುಣ್ಣ ಬಳಿಯೋಕೆ ಮುಂಚೆ ಮೊಳೆ ಹೊಡೀರಿ. ಆಮೇಲೆ ಮೇಸ್ತ್ರಿ ಹತ್ರ ಇರೋ ನೀರು ತುಂಬಿ ಮಟ್ಟ ನೋಡೋ ಲೆವೆಲ್ ಪೈಪ್ ತಗೊಂಡು, ಗುರುತಿಂದ ಸೈಟಿನವರೆಗೆ ಗೂಟ ಹೊಡೀತಾ ಮಟ್ಟ ತನ್ನಿ. ಪೈಪೊಳಗೆ ಒಂದು ಗುಳ್ಳೆ ಇದ್ರೂ ಲೆಕ್ಕ ಹಾಳು. ಬಂದ ದಾರೀಲೇ ವಾಪಸ್ ಹೋಗಿ ಮೊಳೆಗೆ ತಾಳೆ ನೋಡಿ, ಬೆರಳಗಲ ತಪ್ಪಿದ್ರೆ ಮತ್ತೆ ಮೊದಲಿಂದ. ಎತ್ತರ ಗೊತ್ತಾಗೋದು ಹಿಂಗೆ. ದೂರ ಅಳೆದ್ರೆ ಏನು ಗೊತ್ತಾಗುತ್ತೆ? ದೂರ!

ಸರ್ಕಾರದ ದಿಶಾಂಕ್ ಆ್ಯಪಲ್ಲಿ ಸರ್ವೆ ನಂಬರ್ ಬರುತ್ತಲ್ಲ, ಅದರ ಮೇಲೆ ಈ ಮಟ್ಟದ ಪದರ ಹಾಕಿ ಅಂತ ಕೇಳ್ತಿದೀನಿ. ಪಹಣೀಲಿ ಒಂದು ಸಾಲು. ಎತ್ತರ. ಅಷ್ಟೇ! ಇದಕ್ಕೂ "ಆದ್ರೆ ಸಾರ್" ಅಂತ ಬರೆಯೋರು ಬರೀರಿ, ನನ್ ಚಾನೆಲ್ಲಿಗೆ ವ್ಯೂಸ್ ಆದ್ರೂ ಬರುತ್ತೆ. ಅಂದಹಾಗೆ ನಮ್ ಟೀ ಶರ್ಟ್ ಬಂದಿದೆ, ಬೆನ್ನ ಮೇಲೆ ದಪ್ಪಕ್ಷರದಲ್ಲಿ "ಎತ್ತರ ಎಷ್ಟು?" ಅಂತಿದೆ, ಲಿಂಕ್ ಕೆಳಗಿದೆ. ಬ್ರೋಕರ್‌ಗಳಿಗೆ ಡಿಸ್ಕೌಂಟ್ ಇಲ್ಲ.