ರಾತ್ರಿ ಸವೆಯುವ ಹಲ್ಲು

ಕೇಳುಗರಿಗೆ ನಮಸ್ಕಾರ.

ನಾನು ದಂತವೈದ್ಯನಲ್ಲ. ಬೆಂಗಳೂರಿನ ಚಾಮರಾಜಪೇಟೆಯ ಒಂದು ಡೆಂಟಲ್ ಲ್ಯಾಬಿನಲ್ಲಿ 22 ವರ್ಷಗಳಿಂದ ಕೆಲಸ ಮಾಡುತ್ತಿರುವ ತಂತ್ರಜ್ಞ. ವೈದ್ಯರು ಬಾಯಿಯ ಅಳತೆ ಕಳುಹಿಸುತ್ತಾರೆ, ನಾವು ಹಲ್ಲಿನ ಸೆಟ್ಟು, ಕ್ಯಾಪು, ರಾತ್ರಿ ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚವಾದ ನೈಟ್ ಗಾರ್ಡು ಮಾಡಿಕೊಡುತ್ತೇವೆ. ಹಲ್ಲಿನ ಒಡೆಯರ ಮುಖವನ್ನು ನಾವು ನೋಡುವುದೇ ಇಲ್ಲ. ಆದರೂ ಪ್ಲಾಸ್ಟರ್ ಅಚ್ಚನ್ನು ಕೈಗೆತ್ತಿಕೊಂಡರೆ ಇವರು ರಾತ್ರಿ ಹಲ್ಲು ಕಡಿಯುವವರಿರಬೇಕು ಎಂದು ಎಷ್ಟೋ ಸಲ ಹೊಳೆದುಬಿಡುತ್ತದೆ. ಚೂಪಾಗಿರಬೇಕಾದ ಕೋರೆಹಲ್ಲಿನ ತುದಿ ಸಪಾಟಾಗಿರುತ್ತದೆ. ದವಡೆಹಲ್ಲಿನ ಮೇಲಿನ ಏರುತಗ್ಗುಗಳು ಅಳಿಸಿಹೋಗಿ, ಹಳೆಯ ಬೀಸುವ ಕಲ್ಲಿನ ಹಾಗೆ ನುಣ್ಣಗಾಗಿರುತ್ತವೆ. ಬೀಸುವ ಕಲ್ಲು ನುಣ್ಣಗಾದರೆ ಉಳಿಯಿಂದ ಮತ್ತೆ ಕಚ್ಚು ಹಾಕಿಸಬಹುದಿತ್ತು. ಹಲ್ಲಿನ ಹೊರಪದರವಾದ ಎನಾಮಲ್‌ಗೆ ಆ ಅವಕಾಶವಿಲ್ಲ. ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು ಅದು. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗಿರುತ್ತವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ನನ್ನ ಅಕ್ಕ ಶಾಲೆಯೊಂದರಲ್ಲಿ ಶಿಕ್ಷಕಿ. ಬೆಳಿಗ್ಗೆ ಏಳುವಾಗಲೇ ಅವಳಿಗೆ ಕಿವಿನೋವು, ಕಪಾಳದಲ್ಲಿ ಬಿಗಿತ, ಕಣತಲೆಯಲ್ಲಿ ಸಿಡಿತ. ಕಿವಿಯ ವೈದ್ಯರು ನೋಡಿ ಕಿವಿ ಚೆನ್ನಾಗಿದೆ ಎಂದರು. ಕೆಳದವಡೆಯ ಕೀಲು ಇರುವುದು ಕಿವಿಯ ಮುಂದೆಯೇ, ಹಾಗಾಗಿ ಅಲ್ಲಿನ ನೋವು ಕಿವಿಯದೆಂದೇ ತೋರುತ್ತದೆ. ಕೊನೆಗೆ ಗುಟ್ಟು ಬಿಟ್ಟುಕೊಟ್ಟವರು ಭಾವ. ಪಕ್ಕದ ನಿವೇಶನದಲ್ಲಿ ರಾತ್ರಿಯೂ ಗ್ರಾನೈಟ್ ಉಜ್ಜುತ್ತಿದ್ದಾರೆ ಎಂದು ಅವರು ತಿಂಗಳುಗಟ್ಟಲೆ ಬೈದುಕೊಂಡಿದ್ದರಂತೆ. ಒಂದು ರಾತ್ರಿ ಎದ್ದು ಕುಳಿತು ಕಿವಿಗೊಟ್ಟಾಗ, ಸದ್ದು ಬರುತ್ತಿದ್ದುದು ಪಕ್ಕದ ದಿಂಬಿನಿಂದ. ಅಮ್ಮ ಮಾತ್ರ ಹೊಟ್ಟೆಯಲ್ಲಿ ಹುಳವಾಗಿದೆ ಎಂದೇ ಹೇಳಿದಳು. ನಮ್ಮ ಮನೆಗಳಲ್ಲಿ ಈ ನಂಬಿಕೆ ಬಲವಾಗಿದೆ, ಆದರೆ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಮಕ್ಕಳಲ್ಲಿ ಈ ಅಭ್ಯಾಸ ಬಹುಮಟ್ಟಿಗೆ ಬೆಳೆಯುತ್ತಾ ತಾನೇ ಬಿಟ್ಟುಹೋಗುತ್ತದೆ. ದವಡೆ ಇನ್ನೂ ಬೆಳೆಯುತ್ತಿರುವುದರಿಂದ ಸಾಮಾನ್ಯವಾಗಿ ಅವರಿಗೆ ಗಾರ್ಡು ಹಾಕುವುದಿಲ್ಲ.

ದೊಡ್ಡವರಲ್ಲಿ ಕಾರಣ ಒಂದೇ ಇರುವುದಿಲ್ಲ. ಮನಸ್ಸಿನ ಒತ್ತಡ, ಚೂರುಚೂರಾದ ನಿದ್ದೆ, ಕತ್ತಲಾದ ಮೇಲಿನ ಕಾಫಿ, ಸಿಗರೇಟು, ಮದ್ಯ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಇವೆಲ್ಲ ಇದರ ಹಿಂದೆ ಇರಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ಹೇಳಿ. ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ಕಟ್ಟಿದಂತಾಗಿ ಬೆಚ್ಚಿ ಏಳುವವರು ದಂತವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು. ಅಂಥವರಿಗೆ ಮೊದಲು ನಿದ್ದೆಯ ಪರೀಕ್ಷೆ, ಆಮೇಲೆ ಗಾರ್ಡು.

ಇನ್ನು ನನ್ನ ಕೆಲಸದ ಮಾತು. ಅಳತೆ ತೆಗೆಯುವುದು ಆಲ್ಜಿನೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ. ಬಾಯಿಯಿಂದ ತೆಗೆದ ಅಚ್ಚು ಒಣಗಿದರೆ ಕುಗ್ಗುತ್ತದೆ. ಹಿಂದೆ ಒದ್ದೆ ಬಟ್ಟೆ ಸುತ್ತಿ ನಮ್ಮ ಹುಡುಗನ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಅವನು ಮೈಸೂರು ರಸ್ತೆಯ ವಾಹನಗಳ ನಡುವೆ ಸಿಕ್ಕಿಬಿದ್ದನೆಂದರೆ ಇಲ್ಲಿ ನನ್ನ ಜೀವ ಚಡಪಡಿಸುತ್ತಿತ್ತು. ಈಗ ಹಲವರು ಚಿಕಿತ್ಸಾಲಯದಲ್ಲೇ ಪ್ಲಾಸ್ಟರ್ ಎರೆದು ಕಳುಹಿಸುತ್ತಾರೆ, ಕೆಲವರು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲೇ ಕಳುಹಿಸುತ್ತಾರೆ. ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಗಾರ್ಡಿನ ಮೇಲೆ ಎಲ್ಲ ಹಲ್ಲುಗಳೂ ಒಂದೇ ಕ್ಷಣಕ್ಕೆ, ಒಂದೇ ಭಾರಕ್ಕೆ ಕೂರಬೇಕು. ಒಂದು ಕಡೆ ಕೂದಲೆಳೆಯಷ್ಟು ಎತ್ತರವಾದರೂ ರಾತ್ರಿಯ ಒತ್ತಡವೆಲ್ಲ ಆ ಒಂದೇ ಹಲ್ಲಿನ ಮೇಲೆ ಬೀಳುತ್ತದೆ. ಅದಕ್ಕೇ ವೈದ್ಯರು ನೀಲಿ ಕಾಗದ ಕಚ್ಚಿಸಿ, ಬಣ್ಣ ಹತ್ತಿದ ಚುಕ್ಕೆಗಳನ್ನು ನೋಡಿ ಉಜ್ಜಿ, ಮತ್ತೆ ಕಚ್ಚಿಸುತ್ತಾರೆ. ಆ ಅರ್ಧ ಗಂಟೆಗೆ ದಯವಿಟ್ಟು ಅವಸರ ಮಾಡಬೇಡಿ. ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ ಅಗ್ಗದ ಗಾರ್ಡುಗಳು ಅಂಗಡಿಯಲ್ಲಿ ಸಿಗುತ್ತವೆ. ಅವುಗಳಲ್ಲಿ ಈ ಹೊಂದಾಣಿಕೆ ಬರುವುದಿಲ್ಲ. ಮೆತ್ತಗಿರುವ ಗಾರ್ಡನ್ನು ಕೆಲವರು ನಿದ್ದೆಯಲ್ಲಿ ಇನ್ನಷ್ಟು ಜಗಿಯುತ್ತಾರೆ. ಬಲವಾಗಿ ಕಡಿಯುವವರಿಗೆ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಗಾರ್ಡೇ ಮೇಲು ಎಂಬುದು ನಾನು ಕಂಡದ್ದು. ಯಾವುದು ಬೇಕೆಂದು ನಿಮ್ಮ ಬಾಯಿ ನೋಡಿದ ವೈದ್ಯರು ಹೇಳಲಿ. ಖರ್ಚಿನ ಚಿಂತೆ ಇದ್ದರೆ ಕೋಟೆಯ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ ವಿಚಾರಿಸಿ.

ಗಾರ್ಡು ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಜನ ಎರಡು ವಾರಕ್ಕೇ ಬೇಸತ್ತು ಅದನ್ನು ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ದವಡೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ; ಹಲ್ಲಿನ ಬದಲು ಗಾರ್ಡು ಸವೆಯುತ್ತದೆ, ಅಷ್ಟೇ. ಆ ಅಷ್ಟರಿಂದಲೇ ಬಿರುಕು ಬಿಡಬೇಕಾದ ಹಲ್ಲು ಉಳಿಯುತ್ತದೆ, ಒಡೆಯಬೇಕಾದ ಕ್ಯಾಪು ಉಳಿಯುತ್ತದೆ. ಮೊದಲ ಕೆಲವು ರಾತ್ರಿ ಬಾಯಿ ತುಂಬ ಜೊಲ್ಲು ಬರುತ್ತದೆ, ಏನೋ ಅಡ್ಡ ಸಿಕ್ಕಂತಾಗುತ್ತದೆ. ಅದು ಕ್ರಮೇಣ ಹೋಗುತ್ತದೆ. ಆದರೆ ನೋವು ಹೆಚ್ಚಾದರೆ ವೈದ್ಯರಿಗೆ ಮತ್ತೆ ತೋರಿಸಿ. ಬೆಳಿಗ್ಗೆ ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ, ಪೇಸ್ಟು ಅದರ ಮೇಲೆ ಗೀರು ಹಾಕುತ್ತದೆ. ಗಾಳಿಯಾಡುವ ಡಬ್ಬಿಯಲ್ಲಿಡಿ, ನಾಯಿಗೆ ಎಟುಕದಂತೆ ಇಡಿ.

ಹಗಲಿನಲ್ಲೂ ಗಮನವಿರಲಿ. ಕಷ್ಟ ಬಂದರೆ ಹಲ್ಲು ಕಚ್ಚಿಕೊಂಡು ಸಹಿಸು ಎನ್ನುತ್ತಾರಲ್ಲ, ಅಕ್ಕ ಉತ್ತರಪತ್ರಿಕೆ ತಿದ್ದುವಾಗ ನಿಜವಾಗಿಯೂ ಹಾಗೆಯೇ ಕುಳಿತಿರುತ್ತಿದ್ದಳು. ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ ಎಂದು ವೈದ್ಯರು ಅವಳಿಗೆ ಹೇಳಿಕೊಟ್ಟರು. ಅವಳು ಕೆಂಪು ಪೆನ್ನಿನ ಮೇಲೆ ಒಂದು ಸಣ್ಣ ಚೀಟಿ ಅಂಟಿಸಿಕೊಂಡಿದ್ದಾಳೆ, ಕಂಡಾಗಲೆಲ್ಲ ದವಡೆ ಸಡಿಲಿಸುತ್ತಾಳೆ.

ಐದು ವರ್ಷ ಬಳಸಿದ ಅವಳ ಗಾರ್ಡು ಈಚೆಗೆ ನನ್ನ ಮೇಜಿಗೆ ಬಂದಿತ್ತು. ದೀಪಕ್ಕೆ ಹಿಡಿದರೆ ಅಡ್ಡಡ್ಡ ಹೊಳೆಯುವ ಗೀರುಗಳು, ಒಂದು ಮೂಲೆಯಲ್ಲಿ ಕಾಗದದಷ್ಟು ತೆಳ್ಳಗಾಗಿದೆ. ಹೊಸದಕ್ಕಾಗಿ ತೆಗೆದ ಅಚ್ಚನ್ನು ಹಳೆಯ ಅಚ್ಚಿನ ಪಕ್ಕದಲ್ಲಿಟ್ಟು ಕೋರೆಹಲ್ಲುಗಳ ತುದಿಯನ್ನು ಮತ್ತೆ ಮತ್ತೆ ಅಳೆದೆ. ಎರಡರಲ್ಲೂ ಒಂದೇ ಅಳತೆ ಬಂತು.

ನಮಸ್ಕಾರ.