ಕ್ಯಾತನಹಳ್ಳಿಯಿಂದ ವಿಧಾನಸೌಧಕ್ಕೆ, ಎರಡು ಸಲ

ಹಿರಿಯರೇ, ಸ್ನೇಹಿತರೇ,

ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಬಗ್ಗೆ ಮಾತನಾಡಲು ಕರೆದಿದ್ದೀರಿ. ನಾನು ಮಾತು ಶುರು ಮಾಡುವುದು ಒಂದು ಸಕ್ಕರೆ ಕಾರ್ಖಾನೆಯ ಗೇಟಿನಿಂದ.

ಆರನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಅಪ್ಪನ ಜೊತೆ ಕಬ್ಬಿನ ಗಾಡಿ ಏರಿ ಹೋಗಿದ್ದೆ. ತೂಕದ ಮನೆಯಿಂದ ಮುಖ್ಯರಸ್ತೆಯವರೆಗೆ ಗಾಡಿಗಳ ಸಾಲು. ಅಪ್ಪ ಎತ್ತುಗಳ ನೊಗ ಬಿಚ್ಚಿ, ಸೋಗೆ ಹಾಕಿ, ಒಂದಿಷ್ಟು ತರಗಿಗೆ ಬೆಂಕಿ ಹಚ್ಚಿಕೊಂಡು ಕುಳಿತರು. ನಮ್ಮ ಸರದಿ ಬಂದದ್ದು ಮರುದಿನ ಮಧ್ಯಾಹ್ನ. ಬಿಸಿಲು ಏರಿದ ಹಾಗೆಲ್ಲ ಅಪ್ಪ ಎದ್ದು ಹೋಗಿ ಗಾಡಿಯ ಮೇಲಿನ ಜಲ್ಲೆಗಳನ್ನು ಮುಟ್ಟಿ ನೋಡಿ ಬರುತ್ತಿದ್ದರು. ಏಕೆಂದು ಆಗ ತಿಳಿದಿರಲಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ತಡ ಮಾಡಿದವರು ಯಾರೇ ಇರಲಿ, ಇಳಿದ ತೂಕದ ನಷ್ಟ ಬೆಳೆದವನದು. ಕಟಾವಿಗೆ ಕಾರ್ಖಾನೆಯ ಅನುಮತಿ ತಡವಾದರೂ ಅಷ್ಟೇ, ಸೂಲಂಗಿ, ಅಂದರೆ ಹೂ, ಬಂದ ಕಬ್ಬಿನಲ್ಲಿ ಸಕ್ಕರೆ ಕಡಿಮೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ನಮ್ಮ ಮನೆಯಲ್ಲಿ ಆ ಹಣಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದೇವೆ.

ಈ ಕಾಯುವಿಕೆಯ ಲೆಕ್ಕ ಬಲ್ಲವರೊಬ್ಬರು ಶಾಸಕರಾದರೆ ಏನಾಗುತ್ತದೆ? ಪುಟ್ಟಣ್ಣಯ್ಯನವರ ಬದುಕನ್ನು ನಾನು ನೋಡುವುದು ಈ ಪ್ರಶ್ನೆಯ ಮೂಲಕ.

ಅವರು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯವರು. ಕನ್ನಂಬಾಡಿ ಕಟ್ಟೆಯ ನೀರಿನ ಸೀಮೆ. ಕಬ್ಬು, ಭತ್ತ, ಆಲೆಮನೆ, ಸಾಲ ಎಲ್ಲವೂ ಅಲ್ಲಿ ಒಂದೇ ಮನೆಯ ಮಾತು. 1980ರಲ್ಲಿ ನರಗುಂದ ಮತ್ತು ನವಲಗುಂದದಲ್ಲಿ ಮಲಪ್ರಭೆಯ ಅಚ್ಚುಕಟ್ಟಿನ ರೈತರು ಕರದ ವಿರುದ್ಧ ಎದ್ದು ನಿಂತರು, ಗೋಲಿಬಾರ್ ಆಯಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳ್ ಶಾಮಣ್ಣ ಅವರೆಲ್ಲ ಕಟ್ಟಿದ ಆ ಸಂಘ ಮಂಡ್ಯ ಜಿಲ್ಲೆಯಲ್ಲಿ ಬೇರು ಬಿಟ್ಟಾಗ ಅದರ ಗಟ್ಟಿ ದನಿಯಾದವರು ಪುಟ್ಟಣ್ಣಯ್ಯ. ಹೆಗಲ ಮೇಲೆ ಹಸಿರು ಶಾಲು ಹಾಕಿಕೊಂಡ ರೈತ ಬ್ಯಾಂಕಿನ ಮ್ಯಾನೇಜರ ಎದುರು ಕೈಕಟ್ಟಿ ನಿಲ್ಲುವುದನ್ನು ಬಿಟ್ಟ. ಇದನ್ನು ನಾನು ನನ್ನ ಊರಿನಲ್ಲೇ ಕಂಡಿದ್ದೇನೆ. ಅದು ಸಣ್ಣ ಬದಲಾವಣೆಯಲ್ಲ.

ಸಂಘಕ್ಕೆ ಒಲಿಯದೇ ಹೋದದ್ದು ಮತಪೆಟ್ಟಿಗೆ. ರಸ್ತೆಯಲ್ಲಿ ಲಕ್ಷ ಜನ ಸೇರುತ್ತಿದ್ದರು. ಮತದಾನದ ದಿನ ಅದೇ ಜನ ಜಾತಿಗೆ, ಪಕ್ಷಕ್ಕೆ ಹಂಚಿಹೋಗುತ್ತಿದ್ದರು. ಅಪವಾದವೆಂಬಂತೆ 1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿಯವರು ಆಯ್ಕೆಯಾದರು. 1994ರಲ್ಲಿ ಜನತಾದಳದ ಅಲೆ ಎದ್ದು, ಆ ಪಕ್ಷಕ್ಕೆ 224ರಲ್ಲಿ 115 ಸ್ಥಾನ ಬಂತು. ದೇವೇಗೌಡರು ಮುಖ್ಯಮಂತ್ರಿಯಾದರು. ಮಂಡ್ಯದಂಥ ಜಿಲ್ಲೆಯಲ್ಲಿ ಆ ಅಲೆಗೆ ಎದುರಾಗಿ ಈಜಿ ಪಾಂಡವಪುರದಿಂದ ಗೆದ್ದವರು ಪುಟ್ಟಣ್ಣಯ್ಯ. ರೈತ ಸಂಘದಿಂದ ಆ ಸಲ ಗೆದ್ದವರು ಅವರೊಬ್ಬರೇ.

ಸದನದಲ್ಲಿ ಒಂಟಿ ಸದಸ್ಯನ ಪಾಡು ಹೊರಗಿನವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅಲ್ಲಿ ಮಾತಿನ ಸಮಯ ಪಕ್ಷದ ಬಲಕ್ಕೆ ತಕ್ಕಂತೆ ಸಿಗುತ್ತದೆ. ಒಬ್ಬನೇ ಇದ್ದರೆ ಸಭಾಧ್ಯಕ್ಷರು ದೊಡ್ಡ ಮನಸ್ಸು ಮಾಡಿದಷ್ಟೇ ನಿಮಿಷ. ಆ ನಿಮಿಷಗಳಲ್ಲಿ ಅವರು ಮಂಡ್ಯದ ಹಳ್ಳಿಯ ಮಾತನ್ನೇ ಆಡಿದರು. ನಗಿಸುತ್ತಲೇ ಸದನವನ್ನು ಗದ್ದೆಯ ಬದುವಿಗೆ ಕರೆತಂದು ನಿಲ್ಲಿಸುತ್ತಿದ್ದರು. ಗೊಬ್ಬರದ ಬೆಲೆ, ಕೂಲಿ, ಸಾಗಣೆ, ಬಡ್ಡಿ ಎಲ್ಲವನ್ನೂ ಬೆರಳೆಣಿಸಿ ಹೇಳಬಲ್ಲವರು ಅವರು. ವರದಿ ಓದಿ ಕಲಿತ ಲೆಕ್ಕ ಅದಾಗಿರಲಿಲ್ಲ.

ಆಮೇಲೆ ಅವರು ಮತ್ತೆ ಸದನ ಪ್ರವೇಶಿಸಿದ್ದು 2013ರಲ್ಲಿ. ಎರಡು ಗೆಲುವುಗಳ ನಡುವೆ 19 ವರ್ಷ. ಆ ಹೊತ್ತಿಗೆ ಸಂಘ ಒಡೆದಿತ್ತು, 2004ರಲ್ಲಿ ನಂಜುಂಡಸ್ವಾಮಿಯವರು ತೀರಿಕೊಂಡಿದ್ದರು. ಕ್ಷೇತ್ರ ಮರುವಿಂಗಡಣೆಯಾಗಿ ಪಾಂಡವಪುರ ಹೋಗಿ ಮೇಲುಕೋಟೆ ಬಂದಿತ್ತು. ಸಂಘ ಒಡೆದದ್ದು ನನ್ನನ್ನು ಈಗಲೂ ನೋಯಿಸುತ್ತದೆ. ಆ ಹೊಣೆಯಲ್ಲಿ ಪುಟ್ಟಣ್ಣಯ್ಯನವರಿಗೂ ಪಾಲಿದೆ ಎಂದೇ ನನ್ನ ಅನಿಸಿಕೆ; ಅವರ ಮೇಲಿನ ಪ್ರೀತಿಗಾಗಿ ಅದನ್ನು ಮರೆಮಾಚಲಾರೆ. ಆದರೆ ದೇವನೂರ ಮಹಾದೇವ ಅವರೊಂದಿಗೆ ಸೇರಿ ರೈತರನ್ನೂ ದಲಿತರನ್ನೂ ಒಂದೇ ವೇದಿಕೆಗೆ ತರಲು ಸರ್ವೋದಯ ಕರ್ನಾಟಕ ಪಕ್ಷವನ್ನು ಕಟ್ಟಿದ್ದು ಅವರ ಬದುಕಿನ ದೊಡ್ಡ ಕೆಲಸ. ಭೂಮಿ ಇರುವವನೂ ಅದೇ ಭೂಮಿಯಲ್ಲಿ ಕೂಲಿ ಮಾಡುವವನೂ ಒಟ್ಟಿಗೆ ಕೂರುವುದು ನಮ್ಮ ಹಳ್ಳಿಗಳಲ್ಲಿ ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತೇ ಇದೆ. 2013ರಲ್ಲಿ ಅವರು ಗೆದ್ದದ್ದು ಆ ಪಕ್ಷದಿಂದ.

ಎರಡನೆಯ ಅವಧಿ ಬರಗಾಲದ ಅವಧಿ. 2015ರಲ್ಲಿ ಸಕ್ಕರೆ ಬೆಲೆ ಕುಸಿದು ಕಾರ್ಖಾನೆಗಳು ಬಾಕಿ ಉಳಿಸಿಕೊಂಡಿದ್ದವು. ಕಬ್ಬಿಗೆ ಕೇಂದ್ರ ನಿಗದಿ ಮಾಡಿದ್ದ ದರ ಟನ್ನಿಗೆ 2,200 ರೂಪಾಯಿ. ಅದೂ ಕೈಗೆ ಬಾರದೆ, ಅವರದೇ ತಾಲ್ಲೂಕಿನ ಒಬ್ಬ ರೈತ ಬೆಳೆದು ನಿಂತ ಕಬ್ಬಿಗೆ ಬೆಂಕಿ ಹಚ್ಚಿ ಅದರೊಳಗೇ ಜೀವ ಬಿಟ್ಟ. ನನ್ನ ಅಪ್ಪ ಮುಟ್ಟಿ ಮುಟ್ಟಿ ನೋಡುತ್ತಿದ್ದ ಅದೇ ಕಬ್ಬು. ಮರುವರ್ಷ ಸೆಪ್ಟೆಂಬರಿನಲ್ಲಿ ಕಾವೇರಿ ನೀರು ಕುಡಿಯುವುದಕ್ಕೆ ಮಾತ್ರ ಎಂದು ವಿಶೇಷ ಅಧಿವೇಶನ ನಿರ್ಣಯಿಸಬೇಕಾಯಿತು. ನಾಲೆಯ ನೀರನ್ನೇ ನಂಬಿದ ಕ್ಷೇತ್ರದ ಶಾಸಕನಿಗೆ ಆ ದಿನಗಳು ಹೇಗಿದ್ದವೋ, ಊಹಿಸಿಕೊಳ್ಳಿ.

2018ರ ಫೆಬ್ರವರಿ 18ರ ರಾತ್ರಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಎದೆನೋವು ಬಂದು ಅವರು ತೀರಿಕೊಂಡರು. ಮೂರು ತಿಂಗಳಿಗೆ ನಡೆದ ಚುನಾವಣೆಯಲ್ಲಿ ಮಗ ದರ್ಶನ್ ಸೋತರು, 2023ರಲ್ಲಿ ಗೆದ್ದರು.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ ಇದೆ. ವಿಧಾನಸಭೆಯಲ್ಲಿ ಆಡಿದ ಮಾತುಗಳು ನಡವಳಿಯಲ್ಲಿ ದಾಖಲಾಗಿರುತ್ತವೆ. 1994ರಿಂದ ಐದು ವರ್ಷ, 2013ರಿಂದ ಸುಮಾರು ಐದು ವರ್ಷ, ಅಷ್ಟನ್ನೂ ತೆರೆದು ಪುಟ್ಟಣ್ಣಯ್ಯನವರ ಮಾತುಗಳನ್ನು ಹೆಕ್ಕಿ ಒಂದೆಡೆ ತರುವವರು ಬೇಕು. ಯಾರಾದರೂ ಮುಂದೆ ಬಂದರೆ ಜೊತೆಗೆ ಕೂತು ಓದಲು ನಾನು ಸಿದ್ಧ. ಸಭೆ ಮುಗಿದ ಮೇಲೆ ಇಲ್ಲೇ ಇರುತ್ತೇನೆ, ಬನ್ನಿ.